ನಾಲ್ಕು ಬೆರಳಗಲದ ಕಾಗದ

ಅನ್ಹಾರ್, ನಿನ್ನ ಅಜ್ಜಿಯ ಸುರುಳಿಯ ಕೊನೆ ಹರಿದು ಬಂದಿರಲಿಲ್ಲ. ಅದನ್ನು ಕತ್ತರಿಸಿದವಳು ನಾನು. ಆಸ್ಟಿನ್‌ನ ನನ್ನ ಅಡುಗೆಮನೆಯಲ್ಲಿ, ಕೊತ್ತಂಬರಿ ಸೊಪ್ಪಿಗೆ ಇಟ್ಟುಕೊಂಡಿದ್ದ ಕತ್ತರಿಯಿಂದ. ನಾಲ್ಕು ಬೆರಳಗಲದ ಆ ತುಂಡು ಒಂಬತ್ತು ವರ್ಷದಿಂದ ನನ್ನ ಬಳೆಯ ಡಬ್ಬಿಯಲ್ಲಿದೆ.

ನಿನಗೆ ಕನ್ನಡ ಬಾರದು. ಆದರೂ ಮೊದಲು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಎರಡನೇ ಸಾಲಿಗೇ ಸಾರಿ ಎಂದು ಬರೆದು ಹಗುರಾಗಿಬಿಡುತ್ತೇನೆ — ನನ್ನ ಜಾತಕ ನನಗೆ ಗೊತ್ತಿಲ್ಲವೇ. ಭಾನುವಾರ ನಿನ್ನೆದುರು ಕೂತು ಒಂದೊಂದೇ ಸಾಲನ್ನು ಓದಿ ಹೇಳುತ್ತೇನೆ.

ನಾವು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿದ್ದಾಗ ನನ್ನ ಮಾಂಗಲ್ಯದ ಸರದ ಕೊಂಡಿ ಮುರಿದು ನಿಮ್ಮ ಒಡವೆ ರಿಪೇರಿ ಅಂಗಡಿಗೆ ಬಂದೆ. ಇರಾಕಿನಿಂದ ಬಂದವರು ಎಂದರೆ ಮುಸ್ಲಿಮರೇ ಇರಬೇಕೆಂದು ನಾನು ತಿಳಿದಿದ್ದೆ. ನೀನು ನಕ್ಕು, ನಾವು ಮ್ಯಾಂಡಿಯನ್ನರು, ಹರಿಯುವ ನೀರಿನಲ್ಲಿ ಮುಳುಗಿ ಏಳುವ ಜನ, ನಮ್ಮಲ್ಲಿ ಧರ್ಮಕಾರ್ಯಕ್ಕೆ ಹೇಳುವ ಹೆಸರು ತಾಯಿಯ ಹೆಸರು ಹಿಡಿದು, ಅಪ್ಪನದಲ್ಲ ಎಂದೆ. ಬಿಲ್ಲಿನ ಹಿಂದೆ ನಿಮ್ಮ ಅಕ್ಷರಮಾಲೆಯನ್ನೆಲ್ಲ ಬರೆದು ತೋರಿಸಿದೆ. ಮೊದಲಕ್ಷರ ಬರೀ ಒಂದು ಸೊನ್ನೆ. ನನ್ನ ಹೆಸರನ್ನೂ ಬರೆದುಕೊಟ್ಟೆ. ಅದರ ಕೆಳಗೆ ಒಂದು ಪದ ಬರೆದು, ‘ತರ್ಮಿದಾ — ಅಂದರೆ ಪುರೋಹಿತ. ನಾನು ಇದಾಗಬೇಕು’ ಎಂದೆ.

ನಿಮ್ಮಲ್ಲಿ ಈಗ ಹೆಂಗಸರಿಗೆ ಆ ದೀಕ್ಷೆ ಕೊಡುವುದಿಲ್ಲ. ಹಿಂದೆ ಇತ್ತು ಎನ್ನುತ್ತಿದ್ದರು ನಿನ್ನ ಅಮ್ಮ ಸಾಹಿರಾ ಆಂಟಿ. ಕೈಬರಹದ ಪೋಥಿಗಳ ಕೊನೆಯಲ್ಲಿ ನಕಲು ಮಾಡಿದವರು ತಮ್ಮ ಹೆಸರನ್ನು ಬರೆಯುತ್ತಾರೆ, ಅದಕ್ಕೂ ಮೊದಲು ಅವರ ಹಿಂದಿನವರದು, ಅವರ ಹಿಂದಿನವರದು, ಒಂದನ್ನೂ ಬಿಡುವಂತಿಲ್ಲ. ನಿಮ್ಮ ಮನೆಯ ಸುರುಳಿಯ ಕೊನೆಯಲ್ಲಿ ಹವಾ ಎಂಬವಳ ಹೆಸರಿದೆ, ಸಿಮತ್‌ಳ ಮಗಳು, ಪುರೋಹಿತಳೂ ಲಿಪಿಕಾರಳೂ ಆಗಿದ್ದವಳು. ಆಂಟಿಗೆ ಓದಲು ಬಾರದು. ಚಿಕ್ಕವರಿದ್ದಾಗ ಅವರ ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದ್ದರಂತೆ. ಆಮೇಲೆ ಆ ಸುರುಳಿಯನ್ನು ಯಾರೂ ಬಿಡಿಸಿರಲಿಲ್ಲ, ಕಾಗದ ಮುರಿದೀತೆಂಬ ಭಯದಿಂದ.

ಅಷ್ಟರಲ್ಲಿ ನಾನು ಆಸ್ಟಿನ್‌ಗೆ ಶಿಫ್ಟ್ ಆಗಿ ಒಂದು ಲೈಬ್ರರಿಯಲ್ಲಿ ಹಳೆಯ ಹಸ್ತಪ್ರತಿಗಳ ಫೋಟೊ ತೆಗೆಯುವ ಕೆಲಸಕ್ಕೆ ಸೇರಿದ್ದೆ. ನಿಮ್ಮ ಹಿರಿಯ ಪುರೋಹಿತರು ಹೊರದೇಶದಿಂದ ಬರುವವರಿದ್ದರು. ಬರಹ ತೋರಿಸಿದರೆ ನಿನಗೆ ಕಲಿಸುವ ಬಗ್ಗೆ ಯೋಚಿಸುತ್ತೇನೆ ಎಂದಿದ್ದರು. ಮುರಿಯದಂತೆ ಬಿಡಿಸಿ ಫೋಟೊ ತೆಗೆದುಕೊಡು ಎಂದು ನೀನು ಸುರುಳಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಿಗಿಟ್ಟೆ. ‘ನಿನ್ನ ಕೈ ಮೇಲೆ ನಂಬಿಕೆ ನನಗೆ’ ಎಂದೆ.

ಊಟದ ಬಿಡುವಿನಲ್ಲಿ, ಯಾರಿಗೂ ಹೇಳದೆ, ಮೂರು ದಿನ ಫೋಟೊ ತೆಗೆದೆ. ಕೊನೆಯ ಗೇಣು ಭಾಗ ಮುದುರಿಕೊಂಡೇ ಇತ್ತು, ಅದರ ಫೋಟೊ ಆಗಲಿಲ್ಲ. ಹಾಗಾಗಿ ಆ ತುದಿ ಹೊರಗಿರುವಂತೆ ಸುತ್ತಿ ಮನೆಗೆ ತಂದೆ — ನಿಧಾನವಾಗಿ ಸಡಿಲವಾಗಲಿ ಎಂದು. ಅದೇ ವಾರ ನವರಾತ್ರಿ. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸುತ್ತಿದ್ದರು.

‘ಅದೂ ಪುಸ್ತಕಾನೇ ತಾನೇ? ಯಾರ ದೇವರದ್ದಾದ್ರೆ ಏನಂತೆ, ಇಡು ಇಲ್ಲಿ,’ ಎಂದರು.

ಇಟ್ಟೆ. ಎಷ್ಟು ಖುಷಿಯಿಂದ ಇಟ್ಟೆ ಗೊತ್ತೇ — ಎಲ್ಲಕ್ಕಿಂತ ಮೇಲೆ, ಪಕ್ಕದಲ್ಲೇ ಕುಂಕುಮದ ಬಟ್ಟಲು. ಮರುದಿನ ಬೆಳಿಗ್ಗೆ, ಅತ್ತೆ ಸ್ನಾನಕ್ಕೆ ಹೋಗಿದ್ದಾಗ, ನಮ್ಮ ಕನ್ನಡ ಹೆಂಗಸರ ವಾಟ್ಸ್ಯಾಪ್ ಗ್ರೂಪಿಗೆ ಫೋಟೊ ಕಳಿಸೋಣವೆಂದು ದೀಪವನ್ನು ಸ್ವಲ್ಪ ಈಚೆ ಸರಿಸಿದೆ. ದೀಪ ವಾಲಿತು. ಬತ್ತಿ ಆರಿತು, ಎಣ್ಣೆ ಸುರುಳಿಯ ಮೇಲೆ ಹರಿಯಿತು, ಕುಂಕುಮದ ಬಟ್ಟಲೂ ಮಗುಚಿತು.

ಆಗಲೇ ಎತ್ತಿಕೊಂಡಿದ್ದರೆ — ಆದರೆ ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ ಎಂಬುದು ಚಿಕ್ಕಂದಿನಿಂದ ರಕ್ತದಲ್ಲಿ ಸೇರಿಬಿಟ್ಟಿದೆ. ಹಳೆಯ ಕಾಗದವೆಂದರೆ ಏನೆಂದು ಸಂಬಳ ತೆಗೆದುಕೊಂಡು ಕಲಿತವಳು ನಾನು. ಕೈಕಟ್ಟಿ ನಿಂತು, ಅತ್ತೆ ಬಚ್ಚಲಿನಿಂದ ಹೊರಬರುವುದನ್ನು ಕಾದೆ. ಹತ್ತು ನಿಮಿಷ. ಎಣ್ಣೆ ಅಷ್ಟರಲ್ಲಿ ಒಳಗಿಳಿದಿತ್ತು. ಆಮೇಲೆ ಹತ್ತಿಬಟ್ಟೆಯಿಂದ ಒರೆಸಿ ಇನ್ನಷ್ಟು ಹಾಳು ಮಾಡಿದೆ. ಕೊನೆಯ ಸಾಲುಗಳ ಮೇಲೆ ಕೆಂಪು ಕೆಸರು, ಒಂದಕ್ಷರವೂ ಕಾಣಲಿಲ್ಲ.

ಅತ್ತೆ ನೋಡಿದರು. ಆಮೇಲೆ, ‘ಸುಮಾ, ಆ ಹುಡುಗೀಗೆ ಫೋನ್ ಮಾಡಿ ಹೇಳ್ಬಿಡಮ್ಮ. ಇವತ್ತೇ ಹೇಳು. ನಾಳೆ ಅಂದ್ರೆ ನಿನ್ ಕೈಲಿ ಆಗಲ್ಲ,’ ಎಂದರು.

ಆಗಲಿಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನಿನ್ನ ಮುಖ ನೋಡಲು ಹೆದರಿದೆ, ಅಷ್ಟೇ. ಅತ್ತೆ ಮಲಗಿದ್ದ ಮಧ್ಯಾಹ್ನ ಕತ್ತರಿ ತೆಗೆದುಕೊಂಡೆ. ಅಂಚು ಹರಿದಂತೆ ಕಾಣಲೆಂದು ಉಗುರಿನಿಂದ ಚೂರುಚೂರೇ ಕಿತ್ತೆ.

ಆ ಭಾನುವಾರ ಆಸ್ಟಿನ್‌ನ ನದಿಯ ದಂಡೆಯಲ್ಲಿ ನಿಮ್ಮವರೆಲ್ಲ ಸೇರಿದ್ದರು. ಬಿಳಿ ಬಟ್ಟೆಯವರು ಒಬ್ಬೊಬ್ಬರಾಗಿ ನೀರಿಗಿಳಿದು ಏಳುತ್ತಿದ್ದರು. ಗಾಳಿಯೇ ಇರಲಿಲ್ಲ. ಸಾಹಿರಾ ಆಂಟಿ ಹಿರಿಯರ ಮುಂದೆ ನಿಂತು ಹವಾಳ ವಿಷಯ ಹೇಳಿದರು. ಹಿರಿಯರು ಸುರುಳಿ ಬಿಡಿಸಿ, ಹರಿದ ಅಂಚನ್ನು ಸವರಿ, ‘ಬರಹ ಎಲ್ಲಿದೆ?’ ಎಂದರು. ಆಂಟಿ ಆ ಅಂಚನ್ನೇ ನೋಡುತ್ತಿದ್ದರು. ನೀನು ನನ್ನ ಕಡೆ ತಿರುಗಿದೆ.

‘ಸುಮಾ, ನೀನೇ ಹೇಳು. ನಿನ್ನ ಕೈಗೆ ಬಂದಾಗ ಕೊನೆ ಇತ್ತಾ?’

‘ಇಲ್ಲ,’ ಎಂದೆ. ‘ಹರಿದೇ ಬಂದಿತ್ತು.’

ಅಷ್ಟೇ ನಾನು ಆಡಿದ ಮಾತು. ಹಿಂದಿನಿಂದ ಯಾರೋ, ಮುದುಕಿ ಕನಸು ಕಂಡಿರಬೇಕು ಎಂದರು, ನಾಲ್ಕು ಜನ ನಕ್ಕರು. ನೀನು ನಗಲಿಲ್ಲ. ನಿನ್ನ ಅಮ್ಮನನ್ನು ಒಮ್ಮೆ ನೋಡಿದೆ — ಆ ನೋಟ — ಆಮೇಲೆ ನೀರಿಗಿಳಿಯದೆ ಕಾರಿನ ಕಡೆ ನಡೆದೆ. ಆಂಟಿ ನನ್ನನ್ನು ನೋಡಿದರು. ಅವರಿಗೆ ಗೊತ್ತಾಗಿತ್ತು, ಅನ್ಹಾರ್. ನನ್ನ ಹೆಸರೆತ್ತದೆ ಸುರುಳಿಯನ್ನು ಸುತ್ತಿಕೊಂಡರು.

ಇನ್ನೂ ಇದೆ, ಕೇಳು. ಆರು ತಿಂಗಳ ಮೇಲೆ ನಮ್ಮ ಲೈಬ್ರರಿಗೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ಫೋಟೊ ತೆಗೆಯುವ ಕ್ಯಾಮೆರಾ ಬಂತು. ಕುಂಕುಮ, ಎಣ್ಣೆ ಅದಕ್ಕೆ ಕಾಣುವುದಿಲ್ಲ. ಮಸಿ ಮಾತ್ರ ಕಾಣುತ್ತದೆ. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಆ ತುಂಡನ್ನು ಅದರ ಕೆಳಗಿಟ್ಟೆ. ಐದು ಸಾಲುಗಳು ಪರದೆಯ ಮೇಲೆ ಕಪ್ಪಗೆ ಎದ್ದು ಬಂದವು. ನೀನು ಬರೆದುಕೊಟ್ಟಿದ್ದ ಬಿಲ್ಲನ್ನು ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಎರಡನೇ ಸಾಲಿನಲ್ಲಿ ಹವಾ. ಅದರ ಪಕ್ಕದಲ್ಲೇ ತರ್ಮಿದಾ.

ಆಗ ಹೇಳಬಹುದಿತ್ತು. ಆಂಟಿ ಬದುಕಿದ್ದರು. ನೀನು ಅವರೊಡನೆ ಮಾತು ಬಿಟ್ಟಿದ್ದೆ, ಬೇರೆ ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ‘ನನ್ನ ಅಮ್ಮ ಎಲ್ಲರ ಮುಂದೆ ನನ್ನನ್ನು ಸುಳ್ಳಿಯನ್ನಾಗಿ ಮಾಡಿದಳು’ ಎಂದು ಫೋನಿನಲ್ಲಿ ನೀನು ನನ್ನ ಹತ್ತಿರವೇ ಅತ್ತುಕೊಂಡೆ. ನಾನು ಸಮಾಧಾನ ಮಾಡಿದೆ. ನಾನು! ಹೋದ ಚಳಿಗಾಲ ಆಂಟಿ ತೀರಿಕೊಂಡರು. ನಿನ್ನ ಜೊತೆ ಮಾತಾಡದೆಯೇ ಹೋದರು.

ಮೊನ್ನೆ ನಿನ್ನ ಮೆಸೇಜು ಬಂತು. ದೀಕ್ಷೆ ಸಿಗದಿದ್ದರೂ ಅಡ್ಡಿಯಿಲ್ಲ, ಸುರುಳಿಯನ್ನು ಕೈಯಾರೆ ನಕಲು ಮಾಡಿದ್ದೇನೆ, ಭಾನುವಾರ ಕೊನೆಯ ಸಾಲು ಬರೆಯುತ್ತೇನೆ ಎಂದಿದ್ದೆ. ಏನು ಬರೆಯುವೆ ಎಂದೂ ತಿಳಿಸಿದ್ದೆ: ‘ಇಲ್ಲಿ ಹೆಸರುಗಳು ಕಳೆದುಹೋಗಿವೆ. ನನಗಿಂತ ಮೊದಲು ಯಾವ ಹೆಣ್ಣೂ ಇದನ್ನು ಬರೆದದ್ದು ತಿಳಿದಿಲ್ಲ.’ ಕೆಳಗೆ, ತಮಾಷೆಗೆಂಬಂತೆ, ‘ಹಳಬರು ಇಲ್ಲೊಂದು ಶಾಪವನ್ನೂ ಬರೆಯುತ್ತಿದ್ದರು. ನನ್ನ ಹೆಸರನ್ನು ಇಲ್ಲಿಂದ ತೆಗೆದವರ ಹೆಸರು ಬೆಳಕಿನ ಲೋಕದಲ್ಲಿ ಇಲ್ಲದಂತಾಗಲಿ ಅಂತ.’

ಡಬ್ಬಿಯಲ್ಲಿರುವ ಐದು ಸಾಲುಗಳಲ್ಲಿ ಮೂರನ್ನು ನನಗೆ ಓದಲಾಗಿಲ್ಲ. ಅವು ಏನಿರಬಹುದೆಂದು ಈಗ ಗೊತ್ತು. ಮೊನ್ನೆಯಿಂದ ಆ ಡಬ್ಬಿಯ ಬಳೆ ತೊಟ್ಟಿಲ್ಲ.

ಆದರೆ ನನ್ನನ್ನು ಹೊರಡಿಸಿದ್ದು ಶಾಪದ ಭಯವಲ್ಲ. ನೀನು ಆ ಸಾಲು ಬರೆದರೆ ಮುಂದೆ ನಕಲು ಮಾಡುವವರೆಲ್ಲ ಅದನ್ನೇ ಬರೆಯುತ್ತಾರೆ. ಒಂದಕ್ಷರ ಬಿಡುವಂತಿಲ್ಲವಲ್ಲ. ನನ್ನ ಸುಳ್ಳು ನಿನ್ನ ಕೈಬರಹದಲ್ಲಿ, ನಿನ್ನ ಹೆಸರಿನ ಕೆಳಗೆ, ನಾವಿಬ್ಬರೂ ಇಲ್ಲದ ಮೇಲೂ ಉಳಿಯುತ್ತದೆ.

ಆ ಸಾಲು ಬರೆಯಬೇಡ — ಇಷ್ಟನ್ನು ಮಾತ್ರ ಈಗಲೇ ಇಂಗ್ಲಿಷಿನಲ್ಲಿ ಮೆಸೇಜು ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಹ್ಯೂಸ್ಟನ್‌ಗೆ ಡ್ರೈವ್ ಮಾಡಿಕೊಂಡು ಬರುತ್ತೇನೆ, ತುಂಡನ್ನೂ ಫೋಟೊವನ್ನೂ ತರುತ್ತೇನೆ. ಬಾಗಿಲಲ್ಲೇ ತೆಗೆದುಕೊಂಡು ಕಳಿಸಿಬಿಟ್ಟರೂ ಸರಿ. ಹವಾಳ ಹೆಸರನ್ನು ಅವಳ ಜಾಗದಲ್ಲಿ ಬರೆ. ನಿನ್ನ ಅಮ್ಮ ಸುಳ್ಳು ಹೇಳಲಿಲ್ಲ ಎಂದು ಬರೆ. ಅದರ ಕೆಳಗೆ ನನ್ನದನ್ನೂ ಬರೆ, ನಿಮ್ಮ ಪದ್ಧತಿಯಂತೆ ತಾಯಿಯ ಹೆಸರು ಹಿಡಿದು: ಇದನ್ನು ಕತ್ತರಿಸಿದವಳು ಕಮಲಳ ಮಗಳು ಸುಮಾ. ಮುಂದಿನವರು ಅದನ್ನೂ ಬಿಡದೆ ನಕಲು ಮಾಡಲಿ.