ಸಾಹೇಬರಿಗೆ ನಾನೇ ಒಪ್ಪಿಸಿದ ನೋಟ್‌ಬುಕ್

ಎಂಟು ಗಂಟೆ ಡ್ಯೂಟಿ ತಂದುಕೊಟ್ಟೆ ಅಂತ ಈಗಲೂ ಯಾರಾದರೂ ನನ್ನ ಬೆನ್ನು ತಟ್ಟಿದರೆ ಮೈ ಉರಿಯುತ್ತದೆ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವಿನ ಒಂದು ರೈಲ್ವೆ ಗೇಟಿನಲ್ಲಿ ನಾನು ಗೇಟ್‌ಮನ್. ಮೊದಲು ಹಗಲು ಒಬ್ಬ, ರಾತ್ರಿ ಒಬ್ಬ, ಹನ್ನೆರಡು ಹನ್ನೆರಡು ಗಂಟೆ ಡ್ಯೂಟಿ. ನಡುವೆ ಬಿಡುವಿರುವ ಕೆಲಸವಂತೆ ನಮ್ಮದು, ಆಫೀಸಿನ ಲೆಕ್ಕದಲ್ಲಿ. ರೇಷ್ಮೆಗೂಡಿನ ಟೆಂಪೋದವನು ಮಾರ್ಕೆಟ್ಟಿಗೆ ಹೊತ್ತಾಯಿತು ಅಂತ ಹಾರ್ನ್ ಒತ್ತಿ ಹಿಡಿದು, "ತೆಗಿಯಲೇ ಗೇಟಾ, ರೈಲೆಲ್ಲೈತೆ?" ಅಂತ ಬೈಯುವಾಗ ಈ ಲೆಕ್ಕ ಬರೆದವರನ್ನು ಒಂದು ದಿನ ಅಲ್ಲಿ ನಿಲ್ಲಿಸಬೇಕಿತ್ತು.

ನನ್ನ ಜೊತೆಗಾರ ಚನ್ನಪಟ್ಟಣದ ಬೊಂಬೆ ಕೆಲಸದ ಸಾಬರ ಮನೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ಹೆಂಡತಿಗೆ ಕಿಡ್ನಿ ಕೆಟ್ಟಿತ್ತು. ಮಂಗಳವಾರ, ಶುಕ್ರವಾರ ಮಂಡ್ಯದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಅವನಿಗೆ ಹಗಲು ಡ್ಯೂಟಿ ಇದ್ದ ವಾರಗಳಲ್ಲಿ ಆ ದಿನ ಅವನ ಪಾಳಿಗೂ ನಾನೇ ಕೂರುತ್ತಿದ್ದೆ. ಆಮೇಲೆ ನನ್ನ ಪಾಳಿಗೆ ಅವನು ಕೂತು ತೀರಿಸುತ್ತಿದ್ದ. ಆಫೀಸಿನ ಹಾಜರಿ ಪುಸ್ತಕದಲ್ಲಿ ಮಾತ್ರ ಯಾರ ಪಾಳಿಯೋ ಅವರದೇ ಸಹಿ. ನಿಜಕ್ಕೂ ಯಾರು ಕೂತರು ಅನ್ನುವುದನ್ನು ಗೇಟಿನ ರೂಮಿನಲ್ಲಿದ್ದ ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆವು. ಗೇಟಿನವರು ಹಿಂದಿನಿಂದಲೂ ಹೀಗೇ ಅಡ್ಜಸ್ಟ್ ಮಾಡಿಕೊಂಡು ಬಂದವರು. ಅದರಲ್ಲಿ ತಪ್ಪಿದೆ ಅಂತ ನಮಗೆ ಅನ್ನಿಸಿಯೇ ಇರಲಿಲ್ಲ.

ನಾನು ಯೂನಿಯನ್ನಿನ ಶಾಖೆ ಪದಾಧಿಕಾರಿ ಬೇರೆ. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲಿ. ಎಂಟು ಗಂಟೆ ಡ್ಯೂಟಿ ಕೊಡಿ, ಮೇಲಿನ ಗಂಟೆಗೆ ಓವರ್‌ಟೈಮ್ ಕೊಡಿ ಅಂತ ಅರ್ಜಿ ಮೇಲೆ ಅರ್ಜಿ ಬರೆದೆ. ಕೊನೆಗೆ ವಿಚಾರಣೆಗೆ ಒಬ್ಬ ಸಾಹೇಬರು ಬಂದರು. "ಹೆಚ್ಚು ದುಡಿದದ್ದಕ್ಕೆ ಪುರಾವೆ ಏನಿದೆ?" ಅಂದರು.

ನನಗೆ ತಕ್ಷಣ ನೆನಪಾಗಿದ್ದು ಆ ನೋಟ್‌ಬುಕ್. ಒಬ್ಬನೇ ಮನುಷ್ಯ ಇಪ್ಪತ್ತನಾಲ್ಕು ಗಂಟೆ ಕೂತದ್ದು ಅದರಲ್ಲಿ ಪುಟಗಟ್ಟಲೆ ಇತ್ತು. ಇದಕ್ಕಿಂತ ಪುರಾವೆ ಬೇಕೇ? ಜೊತೆಗಾರ ನನ್ನ ತೋಳು ಹಿಡಿದು ರೂಮಿನ ಹಿಂದಕ್ಕೆ ಎಳೆದ.

"ಬ್ಯಾಡ ಕಣಣ್ಣ. ಅದು ನಮ್ ನಮ್ಮಲ್ಲೇ ಇರ್ಲಿ. ಒಸಿ ಯೋಚ್ನೆ ಮಾಡು."

"ಎದ್ರುಪುಕ್ಲ ಕಣ್ಲಾ ನೀನು! ನಿಮ್ಮಂತೋರಿಂದ್ಲೇ ನಮ್ಗೆ ಈ ಗತಿ," ಅಂದೆ. ಒಳಗೆ ಹೋಗಿ ನನ್ನ ಕೈಯಾರೆ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೆ.

ಸಾಹೇಬರು ಒಂದು ಕಡೆ ಹಾಜರಿ ಪುಸ್ತಕ, ಒಂದು ಕಡೆ ನೋಟ್‌ಬುಕ್ ಇಟ್ಟುಕೊಂಡು ತಾರೀಖಿನ ಮೇಲೆ ಬೆರಳಿಟ್ಟು ನೋಡುತ್ತಾ ಹೋದರು. "ಈ ಮಂಗಳವಾರ ಇಲ್ಲಿ ಅವನ ಸಹಿ ಇದೆ. ನೀವೇ ಬರೆದಿರುವ ಪ್ರಕಾರ ಅವನು ಬಂದೇ ಇಲ್ಲವಲ್ಲ?" ಅಂದರು. ಆಗ ನನ್ನ ತಲೆಗೆ ಹೊಳೆಯಿತು. ಹೊಳೆದು ಏನು ಬಂತು ಮಣ್ಣು!

ಇಬ್ಬರಿಗೂ ಸುಳ್ಳು ಸಹಿಯ ಚಾರ್ಜ್‌ಶೀಟ್ ಬಂತು. ಇಪ್ಪತ್ತನಾಲ್ಕು ಗಂಟೆ ನಿದ್ದೆಗೆಟ್ಟವನು ಗೇಟು ನೋಡಿಕೊಳ್ಳಬಾರದು ಅಂತ ಸಾಹೇಬರು ಬರೆದದ್ದು ಸುಳ್ಳೇನಲ್ಲ. ಜನರ ಪ್ರಾಣದ ವಿಷಯ, ಒಪ್ಪುತ್ತೇನೆ. ಆದರೆ ಶಿಕ್ಷೆ ಬಂದ ರೀತಿ ನೋಡಿ. ಯೂನಿಯನ್ ಪದಾಧಿಕಾರಿಯನ್ನು ಅಷ್ಟು ಸುಲಭಕ್ಕೆ ವರ್ಗ ಮಾಡುವಂತಿಲ್ಲ. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅವನ ಇನ್‌ಕ್ರಿಮೆಂಟ್ ನಿಲ್ಲಿಸಿ ಹಾಸನದ ಆಚೆಯ ಗೇಟಿಗೆ ಹಾಕಿದರು. ಅವನಿಗಾಗಿ ಎರಡು ಮನವಿ ಬರೆದೆ. ಯಾರೂ ಕೇಳಲಿಲ್ಲ. ಡಯಾಲಿಸಿಸ್ ತಪ್ಪಬಾರದು ಅಂತ ಮನೆಯವರನ್ನು ಚನ್ನಪಟ್ಟಣದಲ್ಲೇ ಬಿಟ್ಟು ಒಬ್ಬನೇ ಹೊರಟ. ಹೋಗುವ ದಿನ ಅವನು ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ನಮ್ ಒಳ್ಳೇದಕ್ಕೇ ಮಾಡ್ದೆ ಬುಡಣ್ಣ," ಅಂದುಬಿಟ್ಟ.

ಕೆಲವು ತಿಂಗಳಲ್ಲಿ ಎಂಟು ಗಂಟೆಯ ಆದೇಶವೂ ಬಂತು. ಗೇಟಿಗೆ ಮೂವರಾದೆವು. ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಸಿ ಮನೆಗೆ ಬಂದರೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ನಾಚಿಕೆಯಿಂದ ಅವನ ಮನೆ ಕಡೆ ತಲೆ ಹಾಕದೆ ಬಹಳ ದಿನ ತಳ್ಳಿದೆ. ಕೊನೆಗೊಂದು ಮಂಗಳವಾರ, ನನಗೆ ವಾರದ ರಜೆ, ಗಟ್ಟಿ ಮನಸ್ಸು ಮಾಡಿ ಬೆಳಿಗ್ಗೆ ಹೋದೆ.

ಬಾಗಿಲಲ್ಲಿ ಆಟೋ ನಿಂತಿತ್ತು. ಅವನ ಮಗಳು ತಾಯಿಯನ್ನು ಮೆಲ್ಲಗೆ ಒಳಗೆ ಕೂರಿಸುತ್ತಿದ್ದಳು. ರಾಮನಗರದಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದ ಹುಡುಗಿ.

"ನಾನು ಕರ್ಕೊಂಡೋಗ್ತೀನಿ ಕಣವ್ವ. ಈಗ ನಂಗೆ ಎಂಟೇ ಗಂಟೆ ಡ್ಯೂಟಿ. ನೀನು ಕಾಲೇಜಿಗೆ ನಡಿ," ಅಂದೆ.

ಅವಳು ಆಸ್ಪತ್ರೆ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ತಾಯಿಯ ಪಕ್ಕ ಕೂತಳು.

"ಬ್ಯಾಡ ಅಂಕಲ್. ಕಾಲೇಜು ಬಿಟ್ಟು ಮೂರ್ ತಿಂಗ್ಳಾಯ್ತು," ಅಂದಳು.