ಯಾರ ಕಡೆಗೂ ಸೇರದ ದೇಶ

ಕಳೆದ ತಿಂಗಳು ಕುಶಾಲನಗರದಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಟಿಬೆಟನ್ ಹೆಂಗಸು ಬಂದು ಕೂತರು. ಅವರ ತೊಡೆಯ ಮೇಲಿದ್ದ ಬಟ್ಟೆ ಚೀಲದಿಂದ ಒಂದು ವಾಸನೆ ಬರುತ್ತಿತ್ತು. ಒಣಗಿದ ಎಲೆ ಸುಟ್ಟ ಹಾಗೆ, ಅದರ ಜೊತೆಗೆ ಹಳೇ ಬೆಣ್ಣೆಯದೂ ಸ್ವಲ್ಪ. ಆ ವಾಸನೆ ನನಗೆ ಹೊಸದಲ್ಲ. ಹದಿಮೂರೋ ಹದಿನಾಲ್ಕೋ ವರ್ಷದ ಹಿಂದೆ ಒಬ್ಬರು ನನ್ನ ಅಂಗಡಿಗೆ ತರುತ್ತಿದ್ದ ಹಾಳೆಗಳಿಂದ ಇದೇ ವಾಸನೆ ಬರುತ್ತಿತ್ತು. ನಾನು ಅವರನ್ನು ಮೇಷ್ಟ್ರು ಅನ್ನುತ್ತಿದ್ದೆ.

ಆಗ ಪಿರಿಯಾಪಟ್ಟಣದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇತ್ತು. ಟೈಪಿಂಗ್ ಕೂಡ ಮಾಡಿಕೊಡುತ್ತಿದ್ದೆ. ಬರುತ್ತಿದ್ದವರು ಹೆಚ್ಚಾಗಿ ಪಹಣಿ ನಕಲು ಬೇಕಾದವರು, ಹೊಗೆಸೊಪ್ಪಿನ ಲೈಸೆನ್ಸಿಗೆ ಅರ್ಜಿ ಬರೆಸುವವರು, ಲಗ್ನಪತ್ರಿಕೆ ಮಾಡಿಸುವವರು. ಇವರ ನಡುವೆ ಒಂದು ಮಧ್ಯಾಹ್ನ ಬೈಲಕುಪ್ಪೆಯ, ದೇಶ ಬಿಟ್ಟು ಬಂದ ಟಿಬೆಟನ್ನರ ಕ್ಯಾಂಪಿನ, ಈ ನಿವೃತ್ತ ಮೇಷ್ಟ್ರು ಬಂದರು. ತಾವೂ ಟಿಬೆಟನ್, ಅಲ್ಲಿನ ಮಕ್ಕಳಿಗೆ ಇತಿಹಾಸ ಕಲಿಸಿದವರು. ಅವರ ಕನ್ನಡ ಮಾತ್ರ ನಮ್ಮ ಸಂತೆಯ ಕನ್ನಡ. ಕಣ್ಣು ಮುಚ್ಚಿಕೊಂಡು ಕೇಳಿದರೆ ಬೆಟ್ಟದಪುರದ ಕಡೆಯ ಯಾವನೋ ಗೌಡ ಮಾತಾಡುತ್ತಿದ್ದಾನೆ ಅನ್ನಬೇಕು.

“ತಪ್ಪಿದ್ರೆ ತಿದ್ದಮ್ಮ. ಅರ್ಥ ಮಾತ್ರ ಬದಲಾಯಿಸ್ಬ್ಯಾಡ ಕಣಮ್ಮ,” ಅಂದು ನಾಲ್ಕು ಹಾಳೆ ಮುಂದಿಟ್ಟರು.

ದುಂಡಗಿನ ಕನ್ನಡ ಅಕ್ಷರ. ಮೊದಲ ಸಾಲು ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ. ‘ಎರಡು ದೊಡ್ಡ ದೇಶಗಳು ಯುದ್ಧಕ್ಕೆ ನಿಂತ ವರ್ಷ ನಮ್ಮ ಸಣ್ಣ ದೇಶ ಯಾರ ಕಡೆಗೂ ಸೇರಲಿಲ್ಲ. ಸೇರದೆ ಇರುವಷ್ಟು ಶಕ್ತಿ ಅದಕ್ಕಿತ್ತು.’

ನಾನು ಓದಿದ್ದು ಪಿಯುಸಿವರೆಗೆ. ಆದರೂ ಹೀಗೆಂದೂ ನಡೆದಿಲ್ಲ ಅನ್ನುವುದು ನನಗೂ ಗೊತ್ತಿತ್ತು. ನಡೆದಿದ್ದರೆ ಮೇಷ್ಟ್ರು ಬೈಲಕುಪ್ಪೆಯಲ್ಲಿ ಯಾಕಿರುತ್ತಿದ್ದರು? ಅವರ ಬರವಣಿಗೆಯಲ್ಲಿ ಮಾತ್ರ ಆ ದೇಶದ ಹಿರಿಯರು ಬಹಳ ಹಿಂದೆಯೇ ರಸ್ತೆ ಮಾಡಿಸಿದ್ದರು, ಶಾಲೆ ತೆರೆದಿದ್ದರು, ಸಣ್ಣದೊಂದು ಸೈನ್ಯ ಕಟ್ಟಿದ್ದರು. ಯುದ್ಧ ಬಂದಾಗ ಎರಡೂ ಕಡೆಯವರು ಬಂದು ದಾರಿ ಬಿಡಿ ಎಂದು ಕೇಳಿದರು. ಇವರು ಇಬ್ಬರಿಗೂ ಬಿಡಲಿಲ್ಲ. ಯಾವ ಸೇತುವೆಯ ಬಳಿ ಎಷ್ಟು ಜನ ಕಾವಲು, ಯಾವ ಗುಡ್ಡದ ಮೇಲಿಂದ ಎಷ್ಟು ದೂರ ಕಾಣುತ್ತದೆ, ಎಲ್ಲವನ್ನೂ ಬರೆದಿದ್ದರು.

ವಾರಕ್ಕೊಮ್ಮೆ ಬರುತ್ತಿದ್ದರು. ಟೈಪು ಮಾಡುವಷ್ಟು ಹೊತ್ತೂ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಯಾರಾದರೂ ಒಳಗೆ ಬಂದರೆ ಹಾಳೆಯನ್ನು ಮಗುಚಿ ಹಾಕುತ್ತಿದ್ದರು. ಕೆಟ್ಟ ಪ್ರಿಂಟನ್ನೂ ಬಿಡದೆ ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದರು. ಹೊರಡುವಾಗ, “ಅಳಿಸಿಬುಡಮ್ಮ,” ಅನ್ನುತ್ತಿದ್ದರು. ಅಳಿಸಿದರೆ ಸಾಲದು, ಕಂಪ್ಯೂಟರಿನ ಪರದೆಯ ಮೇಲಿನ ಕಸದ ಬುಟ್ಟಿಯ ಚಿತ್ರ ತೋರಿಸಿ ಅದನ್ನೂ ಖಾಲಿ ಮಾಡಿಸುತ್ತಿದ್ದರು.

ನನ್ನ ತಲೆಯಲ್ಲಿ ಹುಳ ಬಿದ್ದದ್ದು ಆಗಲೇ. ಕಥೆಯಾದರೆ ಇಷ್ಟು ಮುಚ್ಚುಮರೆ ಯಾಕೆ? ಒಂದು ದಿನ ಕೇಳಿಯೂ ಕೇಳಿದೆ. “ನಮ್ಮೋರು ಓದಿದ್ರೆ ನೊಂದ್ಕೊತಾರೆ ಕಣಮ್ಮ. ಹಿರೀಕರು ಹಿಂಗೆ ಮಾಡಿದ್ರೆ ದೇಶ ಉಳೀತಿತ್ತು ಅಂತ ಬರೆದ್ರೆ, ಮಾಡ್ಲಿಲ್ಲ ಅಂತ ಬೈದಂಗೆ ಅಲ್ವಾ? ಅದಕ್ಕೇ ಕನ್ನಡದಲ್ಲಿ ಬರೀತಿವ್ನಿ,” ಅಂದರು. ಸರಿಯಾದ ಉತ್ತರವೇ. ಆದರೆ ಒಮ್ಮೆ ಅನುಮಾನ ಹತ್ತಿದ ಮೇಲೆ, ಉತ್ತರ ಎಷ್ಟು ಸರಿಯಾಗಿದ್ದರೆ ಅಷ್ಟು ಅನುಮಾನ. ಮುಂದಿನ ವಾರದಿಂದ ಅವರಿಗೆ ಗೊತ್ತಾಗದ ಹಾಗೆ ಒಂದು ಕಾಪಿ ಇಟ್ಟುಕೊಳ್ಳತೊಡಗಿದೆ. ಫೋಲ್ಡರಿಗೆ ‘ಮದುವೆ ಕಾರ್ಡು’ ಎಂದು ಹೆಸರು ಕೊಟ್ಟಿದ್ದೆ.

ಆಮೇಲೆ ನಕ್ಷೆ ಬಂತು. ಪೆನ್ಸಿಲಿನಲ್ಲಿ ಬರೆದದ್ದು, ಒಂದು ಜೆರಾಕ್ಸ್ ಬೇಕಿತ್ತು. ಹೆಸರುಗಳೆಲ್ಲ ಅವರ ಭಾಷೆಯವು. ಗಾಜಿನ ಮೇಲೆ ಇಡುವಾಗ ಕಣ್ಣು ಹಾಯಿಸಿದವಳು ಹಾಗೇ ನಿಂತುಬಿಟ್ಟೆ. ಬಯಲಿನ ನಡುವೆ ಒಂಟಿಯಾಗಿ ಚೂಪಗೆ ಎದ್ದು ನಿಂತ ಗುಡ್ಡ. ಅದು ಬೆಟ್ಟದಪುರದ ಬೆಟ್ಟವೇ! ಹುಟ್ಟಿದಾಗಿಂದ ನೋಡಿದ ಬೆಟ್ಟ ನನಗೆ ಗುರುತು ಸಿಗುವುದಿಲ್ಲವೇ? ಪಕ್ಕದಲ್ಲಿ ಬಳುಕಿ ಹೋಗುವ ಹೊಳೆ ಕಾವೇರಿ. ಸೇತುವೆ ಕುಶಾಲನಗರದ ದಾರಿಯ ಕೊಪ್ಪದ್ದು. ಸೇತುವೆಯ ಎರಡೂ ತುದಿಗೆ ಕೆಂಪು ಚುಕ್ಕಿ ಇಟ್ಟಿದ್ದರು, ಗುಡ್ಡದ ನೆತ್ತಿಯ ಮೇಲೂ ಒಂದು.

ಅವತ್ತು ಎರಡು ಪ್ರತಿ ತೆಗೆದೆ. ಒಂದನ್ನು ಅವರಿಗೆ ಕೊಟ್ಟೆ. ಇನ್ನೊಂದನ್ನು ಸಂಜೆ ಭಾವನವರ ಕೈಗಿಟ್ಟೆ.

ಭಾವ ಅಂದರೆ ನನ್ನ ಗಂಡನ ಅಣ್ಣ. ಮಿಲ್ಟ್ರಿಯಿಂದ ರಿಟೈರಾಗಿ ಬಂದು ಊರಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಗಡಿಯಲ್ಲಿ ಹಿಮದೊಳಗೆ ಕಾವಲು ನಿಂತು ಎರಡು ಕಾಲ್ಬೆರಳು ಕಳೆದುಕೊಂಡ ಮನುಷ್ಯ. ನಕ್ಷೆಯನ್ನು ಬಹಳ ಹೊತ್ತು ನೋಡಿ, “ಅವ ಯಾವತ್ ಬತ್ತಾನೆ?” ಅಂತಷ್ಟೇ ಕೇಳಿದರು.

ಮುಂದಿನ ವಾರ ಮೇಷ್ಟ್ರು ಬಂದಾಗ ಭಾವ ಅವರ ಸ್ಟೂಲಿನ ಮೇಲೆ ಕೂತಿದ್ದರು. ಹೊರಗೆ ಏಳೆಂಟು ಜನ ನಿಂತಿದ್ದರು. ಭಾವ ನಕ್ಷೆ ಬಿಡಿಸಿ ಹಿಡಿದು, “ಏನ್ರೀ ಇದು? ನಮ್ಮೂರ ಸೇತುವೆಗೆ ನೀವ್ಯಾಕ್ ಗುರ್ತು ಆಕಿದ್ದೀರಿ? ಯಾರಿಗ್ ಕಳಿಸ್ತೀರಿ?” ಅಂತ ಕೇಳಿದರು.

ಮೇಷ್ಟ್ರು ಮೊದಲು ನೋಡಿದ್ದು ಭಾವನನ್ನಲ್ಲ, ನನ್ನನ್ನು. ನಾನು ಕಂಪ್ಯೂಟರಿನ ಕಡೆ ಮುಖ ತಿರುಗಿಸಿದೆ.

“ಇದು ನಮ್ದೇಶ,” ಅಂದರು.

“ಬೆಟ್ಟದಪುರ ನಿಮ್ದೇಶಾನಾ?”

ಯಾರೋ ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು. ನಕ್ಷೆಯ ಗುಡ್ಡದ ಮೇಲೆ ಬೆರಳಿಟ್ಟು ಹೇಳಿದರು. “ಅಲ್ಲಿಂದ ಬರೋವಾಗ ನಂಗೆ ಆರು ವರ್ಸ. ಅವ್ವ ಬೆನ್ನಿಗೆ ಕಟ್ಕೊಂಡ್ ಬಂದ್ಲು, ತಲೆ ಮೇಲೆ ಕಂಬಳಿ. ನಾನು ಆ ಕಂಬಳಿ ಬುಟ್ರೆ ಬ್ಯಾರೇನೂ ನೋಡಿಲ್ಲ. ನಮ್ದೇಶದ ಬೆಟ್ಟ ಎಂಗದೆ ಅಂತ ನಂಗೊತ್ತಿಲ್ಲ ಕಣ್ರೀ. ಬರೆಯಕ್ಕೆ ಕಣ್ಮುಂದೆ ಒಂದು ಜಾಗ ಬೇಕಲ್ಲ... ನಂಗ್ ಗೊತ್ತಿರೋ ಬೆಟ್ಟ ಇದೊಂದೇ.”

ಹೊರಗೆ ನಿಂತಿದ್ದವರ ನಗು ನಿಂತುಹೋಯಿತು. ಭಾವ ಮಾತ್ರ ಜಗ್ಗಲಿಲ್ಲ. ನಂಬಿದರೋ ಇಲ್ಲವೋ, ಅಷ್ಟು ಜನರ ಎದುರು ಹಿಂದೆ ಸರಿಯುವುದು ಕಷ್ಟವಾಗಿರಬೇಕು. ಮೇಷ್ಟ್ರ ಕಂಕುಳಲ್ಲಿದ್ದ ಕಟ್ಟನ್ನು ಕಿತ್ತುಕೊಂಡರು. ಕೈಬರಹ, ಪ್ರಿಂಟು, ಎಲ್ಲ ಅದರಲ್ಲೇ ಇತ್ತು. “ದೊಡ್ಡೋರಿಗ್ ತೋರ್ಸಿ ವಾಪಸ್ ಕೊಡ್ತೀನಿ,” ಅಂದರು.

ತೋರಿಸಲಿಲ್ಲ. ಯಾರಿಗಾದರೂ ತೋರಿಸಿದರೆ ಅಷ್ಟು ದಿನ ಇದನ್ನು ಟೈಪು ಮಾಡಿದವಳು ಯಾರು ಎಂಬ ಮಾತು ಬರುತ್ತದೆ, ಮನೆಗೇ ಸುತ್ತಿಕೊಳ್ಳುತ್ತದೆ ಎಂದು ದಾರಿಯಲ್ಲಿ ಹೊಳೆಯಿತಂತೆ. ಸೊಪ್ಪು ಬೇಯಿಸುವ ಕಾಲ. ಹೊಗೆಸೊಪ್ಪು ಒಣಗಿಸುವ ಗೂಡು, ಬ್ಯಾರನ್ನು, ಅದರ ಒಲೆ ಉರಿಯುತ್ತಲೇ ಇತ್ತು. ಕಟ್ಟನ್ನು ಹಾಗೇ ಒಳಗೆ ತಳ್ಳಿ ನನಗೆ ಫೋನ್ ಮಾಡಿ, “ನಿನ್ ತಾವೇನಾದ್ರೂ ಇದ್ರೆ ತೆಗೆದಾಕು ಕಣವ್ವ,” ಅಂದರು. ನಾನು ‘ಮದುವೆ ಕಾರ್ಡು’ ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಹೇಗೆಂದು ಮೇಷ್ಟ್ರೇ ಕಲಿಸಿದ್ದರಲ್ಲ.

ಆರೇಳು ದಿನ ಬಿಟ್ಟು ಅವರು ಬಂದರು. ಬೈಯುತ್ತಾರೆಂದೇ ಅಂದುಕೊಂಡೆ. ಅವರು ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಕೇಳಿದರು.

“ನಿಮ್ ಭಾವ ಸುಟ್ಟಾಕಿದ್ದು ಗೊತ್ತಾಯ್ತು. ಓಗ್ಲಿ ಬುಡು. ನೀನೊಂದು ಕಾಪಿ ಇಟ್ಕೊಂಡಿದ್ದೀಯಲ್ಲ, ಅದನ್ ಕೊಡಮ್ಮ.”

“ಯಾವ ಕಾಪಿ ಮೇಷ್ಟ್ರೇ?”

“ನಾನ್ ಮೇಷ್ಟ್ರು ಕಣಮ್ಮ. ಬೆಂಚಿನ ಕೆಳಗೆ ಮಕ್ಳು ಚೀಟಿ ಇಟ್ಕೊಳೋದ್ನ ಎಷ್ಟ್ ವರ್ಸ ನೋಡಿವ್ನಿ. ನಿನ್ ಕೈ ನೋಡಿದ್ರೆ ಗೊತ್ತಾಯ್ತಿತ್ತು. ಇರ್ಲಿ, ಒಂದಕ್ಕೆರಡಾಗಿ ಇರ್ಲಿ ಅಂತ ಸುಮ್ಕಿದ್ದೆ.”

ಅಳಿಸಿಬಿಟ್ಟೆ ಎಂದು ಹೇಳಿದೆ. ಅವರು ನಂಬಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತರು. ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ ಒಂದೊಂದೇ ಫೋಲ್ಡರ್ ತೆರೆದು ತೋರಿಸಿದೆ. ಎಲ್ಲ ನೋಡಿ ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಹೋದರು. ಆಮೇಲೆ ಅಂಗಡಿಗೆ ಬರಲಿಲ್ಲ. ಸಂತೆಯಲ್ಲಿ ಒಂದೆರಡು ಸಲ ಕಂಡಿದ್ದರು, ನಾನೇ ಬೇರೆ ದಾರಿ ಹಿಡಿದೆ...

ಬಸ್ಸಿನಲ್ಲಿ ಆ ವಾಸನೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಹೋದ ಭಾನುವಾರ ವಿಚಾರಿಸಿಕೊಂಡು ಅವರ ಮನೆಗೆ ಹೋದೆ. ಬಾಗಿಲು ತೆರೆದದ್ದು ಸೊಸೆ. ಮೇಷ್ಟ್ರು ತೀರಿಕೊಂಡು ಮೂರು ವರ್ಷವಾಯಿತಂತೆ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಇನ್ನು ಯಾರಿಗೆ ಹೇಳುವುದು? ಅವರು ಏನಾದರೂ ಬರೆಯುತ್ತಿದ್ದರೇ ಎಂದು ಕೇಳಿದೆ. ಆಕೆ ಒಳಗಿನಿಂದ ಹಳದಿ ಬಟ್ಟೆಯ ಗಂಟು ತಂದು ಬಿಚ್ಚಿದರು. ಆ ದೇಶದ ಕಥೆಯನ್ನೇ ಕೊನೆತನಕ ಬರೆದಿದ್ದರಂತೆ, ಈ ಸಲ ಟಿಬೆಟನ್ನಿನಲ್ಲಿ. ಅಕ್ಷರ ಅಷ್ಟೇ ದುಂಡಗಿತ್ತು. ಒಂದೂ ನನಗೆ ಓದಲು ಬರಲಿಲ್ಲ. ಯುದ್ಧ ಹೇಗೆ ಮುಗಿಯಿತು ಎನ್ನುವ ಭಾಗವನ್ನು ಅವರು ನನ್ನ ಅಂಗಡಿಗೆ ತಂದೇ ಇರಲಿಲ್ಲ.

“ಕೊನೆಗೆ ಆ ದೇಶ ಏನಾಯ್ತದೆ? ಯಾರ ಕಡೆಗಾದ್ರೂ ಸೇರ್ತದಾ?” ಅಂದೆ.

ಆಕೆ ಹಾಳೆಗಳ ಮೇಲೆ ಕೈಯಿಟ್ಟರು. “ಅದೆಲ್ಲ ನಿಮಗ್ಯಾಕೆ? ನೀವ್ಯಾರು?”

“ಮೊದ್ಲು ನಾನೇ ಟೈಪ್ ಮಾಡ್ಕೊಡ್ತಿದ್ದೆ.”

“ಜೆರಾಕ್ಸ್ ಅಂಗಡಿಯೋರಾ?”

ಹೌದೆಂದೆ. ಆಕೆ ಗಂಟನ್ನು ಮತ್ತೆ ಕಟ್ಟಿದರು, ಮೊದಲಿಗಿಂತ ಬಿಗಿಯಾಗಿ. “ಮಾವ ಹೇಳಿದ್ರು,” ಅಂದರು. ಅಷ್ಟೇ. ಏನು ಹೇಳಿದ್ದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಟೀ ಕೊಟ್ಟರು, ಕುಡಿದೆ. ಎದ್ದಾಗ ಆಕೆಯೂ ಬಾಗಿಲವರೆಗೆ ಬಂದರು. ಜೋಳದ ಹೊಲ ದಾಟಿ ಟಾರು ರಸ್ತೆಗೆ ಬಂದು ತಿರುಗಿ ನೋಡಿದೆ. ಗಂಟನ್ನು ಎದೆಗೆ ಒತ್ತಿ ಹಿಡಿದು ಇನ್ನೂ ಅಲ್ಲೇ ನಿಂತಿದ್ದರು, ನಾನು ನಿಜವಾಗಿಯೂ ಹೋದೆನೇ ಎಂದು ನೋಡುತ್ತ.