ಸೊಪ್ಪಿನ ಲೆಕ್ಕಕ್ಕೆ ಸಿಕ್ಕ ಕಡಲು

ಮಾಸ್ತಿಯ ಅಕ್ಕಯಮ್ಮ ರೇಷ್ಮೆಹುಳು ಸಾಕಿ ಮಗಳನ್ನು ನರ್ಸಿಂಗ್ ಓದಿಸಿದರು. ೧೯೮೩ರಲ್ಲಿ ಮಗಳಿಗೆ ಮಸ್ಕತ್ತಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. “ಕಡಲು ದಾಟಿದ ಹೆಣ್ಣು ಕೈಗೆ ಸಿಗಲ್ಲ, ಕಳಿಸಬೇಡ” ಎಂದು ಊರ ಹಿರಿಯರು ಹೆದರಿಸಿದರು. ಆ ಮಹನೀಯರಲ್ಲಿ ಒಬ್ಬರೂ ಕಡಲು ಕಂಡವರಲ್ಲ! ಸೊಸೆಯರನ್ನು ಹೊಸಿಲು ದಾಟಲು ಬಿಡದವರಿಗೆ ಕಡಲಿನ ಅಳತೆ ಹೇಗೆ ಗೊತ್ತಾಗಬೇಕು?

ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತ ಅಕ್ಕಯಮ್ಮ ಮಗಳನ್ನೇ ಕೇಳಿದರು: “ಎಷ್ಟು ದೂರ ಕಣೇ?”

“ಬೊಂಬಾಯಿಂದ ಸಾವಿರ ಮೈಲಿ ಕಣಮ್ಮ. ವಿಮಾನದಲ್ಲಿ ಮೂರು ಗಂಟೆ.”

ಮೈಲಿ, ಗಂಟೆ ಅಕ್ಕಯಮ್ಮನಿಗೆ ಒಗ್ಗದು. ಹುಳು ಸಾಕುವವರ ಹೊತ್ತೆಲ್ಲ ದಿನಕ್ಕೆ ನಾಲ್ಕೈದು ಸಲ ಸೊಪ್ಪು ಹಾಕುವ ಲೆಕ್ಕದಲ್ಲೇ.

“ಅಂದ್ರೆ ಈಗ ಹಾಕಿದ ಸೊಪ್ಪು ಹುಳ ತಿಂದು ಮುಗಿಸೋದ್ರೊಳಗೆ ಅಲ್ಲಿರ್ತೀಯಾ?”

“ಹೂಂ.”

“ಅಯ್ಯೋ, ಇಲ್ಲೇ ಇರೋ ಮಾಲೂರಿಗೆ ಹೋಗ್ಬರೋಕೇ ಎರಡು ಸೊಪ್ಪಾಗ್ತದಲ್ಲೇ! ನೀನು ಹೋಗ್ಬಾ. ಆ ಗಂಡಸರಿಗೆ ನಾನು ಹೇಳ್ತೀನಿ, ಕಡಲು ಎಷ್ಟು ಅಗಲ ಅಂತ.”